ರಜಾಕಾರರ ಕಾಲದ ಕೆಲವು ನೆನಪುಗಳು

ಗಾದಿಗನೂರು ಎಂಬ ಊರಿನ ಹೆಸರನ್ನು ಕೇಳಿದವರು ನಿಮ್ಮಲ್ಲಿ ಬಹು ಮಂದಿ ಇರಲಾರರು. ಬಳ್ಳಾರಿಯಿಂದ ಹೊಸಪೇಟೆಗೆ ರೈಲಿನಲ್ಲಿ ಹೋಗುವವರಿಗೆ ತೋರಣಗಲ್ಲು ದಾಟಿದ ಮೇಲೆ ಸಿಕ್ಕುವ ಒಂದು ಸಣ್ಣ ಸ್ಟೇಷನ್ನು ಅದು. ದಕ್ಷಿಣಕ್ಕೆ ಸೊಂಡೂರಿನ ಕೆಂಪು ಗುಡ್ಡಗಳು. ಪಶ್ಚಿಮಕ್ಕೆ ಹೊಸಪೇಟೆ ಮತ್ತು ಹಂಪೆ. ಉತ್ತರಕ್ಕೆ ಕೆಲವು ಹರದಾರಿ ನಡೆದರೆ ಕಂಪ್ಲಿ, ಅಲ್ಲಿ ತುಂಗಭದ್ರೆ. ನಾನು ಹುಟ್ಟಿ ಬೆಳೆದದ್ದು ಈ ಊರಿನಲ್ಲಿ. 1948ರಲ್ಲಿ ನಾನು ಅಲ್ಲಿನ ಕನ್ನಡ ಶಾಲೆಯ ನಾಲ್ಕನೆಯ ತರಗತಿಯ ಹುಡುಗ. ಆ ಒಂದು ವರ್ಷದಲ್ಲಿ ನಮ್ಮ ಊರು ಕಂಡದ್ದನ್ನು, ನನ್ನ ಕಣ್ಣಿಗೆ ಬಿದ್ದಷ್ಟು ಮಟ್ಟಿಗೆ, ನಿಮ್ಮ ಮುಂದೆ ಇಡಬೇಕೆಂದು ಬಂದಿದ್ದೇನೆ.

ಆ ಕಾಲದ ಗಡಿಗಳನ್ನು ಮೊದಲು ಸ್ವಲ್ಪ ವಿವರಿಸಬೇಕು. ಇಲ್ಲವಾದರೆ ಮುಂದಿನ ಮಾತು ತಿಳಿಯಲಾರದು. ಬಳ್ಳಾರಿ ಜಿಲ್ಲೆಯೊಳಗಿದ್ದ ನಮ್ಮ ಊರು ಮದರಾಸು ಆಧಿಪತ್ಯಕ್ಕೆ ಸೇರಿದ್ದಿತು. ದಕ್ಷಿಣದ ಗುಡ್ಡಗಳು ಘೋರ್ಪಡೆಯವರ ಸೊಂಡೂರು ಸಂಸ್ಥಾನಕ್ಕೆ ಸೇರಿದ್ದುವು. ಆ ಸಂಸ್ಥಾನ ಮದರಾಸಿನಲ್ಲಿ ವಿಲೀನವಾದದ್ದು 1949ರಲ್ಲಿ. ತುಂಗಭದ್ರೆಯ ಆಚೆಯ ದಡವೆಲ್ಲ ಹೈದರಾಬಾದಿನ ನಿಜಾಮರದು. ಹಂಪೆಯ ದಡದಲ್ಲಿ ನಿಂತವನು ಮದರಾಸಿನ ಪ್ರಜೆ. ಎದುರಿಗೆ ಆನೆಗೊಂದಿಯ ದಡದಲ್ಲಿ ನಿಂತವನು ನಿಜಾಮರ ಪ್ರಜೆ. ನಮ್ಮ ಊರಿನ ಮೇಲೆ ಹಾದುಹೋಗುತ್ತಿದ್ದ ರೈಲು ಗುಂತಕಲ್ಲಿನಿಂದ ಹೊರಟು, ಹೊಸಪೇಟೆಯ ಬಳಿಕ ಹೊಳೆಯನ್ನು ದಾಟಿ, ನಿಜಾಮರ ಮುನಿರಾಬಾದು, ಕೊಪ್ಪಳಗಳನ್ನು ಹಾದು, ಮುಂಬಯಿ ಪ್ರಾಂತಕ್ಕೆ ಸೇರಿದ್ದ ಗದಗನ್ನು ಮುಟ್ಟುತ್ತಿದ್ದಿತು. ಒಂದೇ ಟಿಕೇಟಿನಲ್ಲಿ ಮೂರು ಸರ್ಕಾರಗಳನ್ನು ದಾಟಬಹುದಾಗಿದ್ದಿತು. ಆದರೆ ಬಳ್ಳಾರಿಯಿಂದ ಗದಗಿನವರೆಗೆ ಕಿಟಕಿಯ ಹೊರಗೆ ಕೇಳಿಬರುತ್ತಿದ್ದ ಮಾತು ಕನ್ನಡವೇ. ನಮ್ಮ ಕಡೆಯ ಹೆಣ್ಣುಮಕ್ಕಳನ್ನು ಗಂಗಾವತಿ, ಕೊಪ್ಪಳದ ಸೀಮೆಗೆ ಕೊಡುವುದು, ಅಲ್ಲಿಯವರನ್ನು ತರುವುದು ಹಿಂದಿನಿಂದಲೂ ನಡೆದುಬಂದದ್ದು. ಗಡಿ ಎಂದರೆ ನಮಗೆ ತಿಳಿದಿದ್ದದ್ದು ಎರಡೇ ವಸ್ತುಗಳು: ಒಂದು ನಿಜಾಮರ ಕರೋಡಗಿರಿ ನಾಕೆ, ಇನ್ನೊಂದು ಅಲ್ಲಿಯ ಹಾಲಿ ರೂಪಾಯಿ. ನಮ್ಮ ಕಲದಾರ ರೂಪಾಯಿ ಆರಕ್ಕೆ ಅವರ ಹಾಲಿ ರೂಪಾಯಿ ಏಳು ಎಂಬುದು ಸಂತೆಗೆ ಹೋಗುವ ಮಕ್ಕಳಿಗೂ ತಿಳಿದಿದ್ದ ಲೆಕ್ಕ.

ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. 1945ರ ಫೆಬ್ರವರಿ 28ರಂದು ತುಂಗಭದ್ರಾ ಅಣೆಕಟ್ಟಿಗೆ ಎರಡು ದಡಗಳಲ್ಲಿಯೂ ಅಸ್ತಿಭಾರ ಹಾಕಿದರು. ಬಲದಂಡೆಯಲ್ಲಿ ಮದರಾಸಿನ ಗವರ್ನರು, ಎಡದಂಡೆಯಲ್ಲಿ ನಿಜಾಮರ ಮಗನಾದ ಬಿರಾರಿನ ರಾಜಕುಮಾರರು. ಒಂದೇ ಗೋಡೆಯನ್ನು ಎರಡು ಸರ್ಕಾರಗಳು ಎರಡು ತುದಿಗಳಿಂದ ಕಟ್ಟಿಕೊಂಡು ನಡುವೆ ಕೂಡಬೇಕೆಂಬುದು ಏರ್ಪಾಡು. ಅಣೆಕಟ್ಟು ಪೂರೈಸಿ ಕಾಲುವೆಗಳಿಗೆ ನೀರು ಹರಿದದ್ದು 1953ರಲ್ಲಿ. ನಾನು ಹೇಳಲಿರುವ ಘಟನೆಗಳೆಲ್ಲ ಆ ಗೋಡೆ ಅರ್ಧಕ್ಕೆ ನಿಂತಿದ್ದ ಕಾಲದವು.

1947ರ ಆಗಸ್ಟ್ 15ರ ಬೆಳಗ್ಗೆ ನಮ್ಮ ಶಾಲೆಯಲ್ಲಿ ಧ್ವಜವನ್ನು ಏರಿಸಿ ಮಕ್ಕಳಿಗೆ ಸಕ್ಕರೆ ಹಂಚಿದರು. ಹೊಳೆಯ ಆಚೆ ಅದೇ ಧ್ವಜವನ್ನು ಹಿಡಿದವರು ಸೆರೆಮನೆಗೆ ಹೋದರು. ಹೈದರಾಬಾದು ಸ್ಟೇಟ್ ಕಾಂಗ್ರೆಸ್ಸಿನ ನಾಯಕರಾದ ಸ್ವಾಮಿ ರಾಮಾನಂದ ತೀರ್ಥರೂ ಸೆರೆಯಾದರು. ನಿಜಾಮ್ ಮೀರ್ ಉಸ್ಮಾನ್ ಅಲಿ ಖಾನರು ಭಾರತಕ್ಕೆ ಸೇರಲು ಒಪ್ಪಲಿಲ್ಲ. ಆ ವರ್ಷದ ನವೆಂಬರ್ 29ರಂದು ಒಂದು ವರ್ಷದ ಮಟ್ಟಿಗೆ ಯಥಾಸ್ಥಿತಿಯ ಒಪ್ಪಂದವೇನೋ ಆಯಿತು. ಆದರೆ ಅಷ್ಟರಲ್ಲಿ ಸಂಸ್ಥಾನದ ನಿಜವಾದ ಅಧಿಕಾರ ಬೇರೆ ಕೈಗೆ ಜಾರುತ್ತಿದ್ದಿತು. ನಿಮಗೆಲ್ಲ ಚಿರಪರಿಚಿತರಾದ, ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರು 1946ರಲ್ಲಿ ಹೈದರಾಬಾದಿನ ಪ್ರಧಾನಮಂತ್ರಿಗಳಾಗಿ ಹೋಗಿದ್ದರು. ಅವರ ವಿವೇಕದ ಮಾತು ಮಜ್ಲಿಸೆ ಇತ್ತೆಹಾದುಲ್ ಮುಸ್ಲಿಮೀನ್ ಎಂಬ ಪಕ್ಷದವರಿಗೆ ಹಿಡಿಸಲಿಲ್ಲ. 1947ರ ಮೇ ತಿಂಗಳಲ್ಲಿ ಅವರು ಆ ಸ್ಥಾನವನ್ನು ಬಿಟ್ಟರು. ಪ್ರಜೆಗಳಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಮಂದಿ ಹಿಂದೂಗಳಾಗಿದ್ದ ಆ ರಾಜ್ಯದಲ್ಲಿ, ಲಾತೂರಿನ ವಕೀಲ ಖಾಸಿಂ ರಜ್ವಿ ಈ ಪಕ್ಷದ ಮುಖ್ಯಸ್ಥನಾಗಿ, ರಜಾಕಾರರ ದಳವನ್ನು ಕಟ್ಟಿ ಬೆಳೆಸಿದನು. ರಜಾಕಾರ ಎಂಬ ಮಾತಿಗೆ ಸ್ವಯಂಸೇವಕನೆಂದು ಅರ್ಥ. ಒಳ್ಳೆಯ ಅರ್ಥದ ಒಂದು ಮಾತು ಒಂದೇ ವರ್ಷದಲ್ಲಿ ಮಕ್ಕಳನ್ನು ಹೆದರಿಸುವ ಮಾತಾಗಿ ಹೋದದ್ದನ್ನು ನಾನು ಕಂಡಿದ್ದೇನೆ.

1948ರ ಬೇಸಗೆಯ ಹೊತ್ತಿಗೆ ಹೊಳೆಯ ಆಚೆಯ ಜನ ಊರು ಬಿಟ್ಟು ಬರತೊಡಗಿದರು. ಕೆಲವರು ಕಂಪ್ಲಿಯ ಬಳಿ, ಆನೆಗೊಂದಿಯ ಬಳಿ ಹರಿಗೋಲಿನಲ್ಲಿ ದಾಟಿ ಬಂದರು. ಕೆಲವರು ರೈಲಿನಲ್ಲಿ ಬಂದರು. ಹೊಸಪೇಟೆಯಲ್ಲಿ ನೆಂಟರಿದ್ದವರು ಅಲ್ಲಿ ಇಳಿದುಕೊಂಡರು. ಇನ್ನು ಮುಂದೆ ಯಾವುದೋ ಹಳ್ಳಿಯಲ್ಲಿ ಬೀಗರಿದ್ದವರು ನಮ್ಮಂಥ ಸಣ್ಣ ಸ್ಟೇಷನ್ನುಗಳಲ್ಲಿ ಇಳಿದರು. ಅದೇ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರ್ಟಾ ಗ್ರಾಮದಲ್ಲಿ ರಜಾಕಾರರು ನಡೆಸಿದ ಕೊಲೆಗಳ ಸುದ್ದಿ, ಗುಲಬರ್ಗಾ ಕಡೆಯ ಗಾಣಗಾಪುರ ಸ್ಟೇಷನ್ನಿನಲ್ಲಿ ಪ್ರಯಾಣಿಕರ ಗಾಡಿಯ ಮೇಲೆ ನಡೆದ ದಾಳಿಯ ಸುದ್ದಿ, ಪತ್ರಿಕೆಗಿಂತ ಮೊದಲು ಜನರ ಬಾಯಿಂದ ನಮ್ಮನ್ನು ಮುಟ್ಟಿತು.

ನಮ್ಮ ಮನೆಗೆ ಬಂದದ್ದು ಗಂಗಾವತಿಯ ಕಡೆಯ ಒಂದು ಒಕ್ಕಲು ಸಂಸಾರ, ದೂರದ ಸಂಬಂಧ. ಮನೆಯನ್ನು ಸುಟ್ಟಿದ್ದರು. ಅವರು ಹೊತ್ತು ತಂದದ್ದು ಒಂದು ಚೀಲ ಬಿಳಿಜೋಳ. ಅದು ಬಿತ್ತನೆಯ ಬೀಜ. ಬಂದ ಮರುದಿನ ಆ ಮನೆಯಾಕೆ, ಪರರ ಮನೆಯ ಅನ್ನ ತಿನ್ನುವುದು ಹೇಗೆಂದು, ಆ ಬೀಜದ ಜೋಳವನ್ನೇ ಬೀಸಲು ಕುಳಿತಳು. ನಮ್ಮ ಅಜ್ಜಿ ಹೋಗಿ ಬೀಸುವ ಕಲ್ಲಿನ ಗೂಟವನ್ನು ಹಿಡಿದಳು. “ಬಿತ್ತೋ ಕಾಳು ಬೀಸಬ್ಯಾಡವ್ವಾ. ನಾಳೆ ತಿರುಗಿ ಹೋದಾಗ ಹೊಲಕ್ಕೇನು ಹಾಕ್ತೀ?” ಎಂದಳು. ಆ ಚೀಲ ನಮ್ಮ ಅಟ್ಟವನ್ನೇರಿತು. ಅವರು ನಮ್ಮ ಹಗೇವಿನ ಜೋಳವನ್ನು ಉಂಡರು. ಹಾಲಿ ರೂಪಾಯಿ ಬದಲಾಯಿಸಲು ಸಂತೆಗೆ ಹೋದ ಆ ಮನೆಯ ಯಜಮಾನ, ಏಳಕ್ಕೆ ಆರು ಕೊಡಬೇಕಾದಲ್ಲಿ ನಾಲ್ಕು ಕೊಟ್ಟರೆಂದು ಹೇಳಿ ಸುಮ್ಮನೆ ಕುಳಿತದ್ದನ್ನೂ ನಾನು ನೋಡಿದ್ದೇನೆ. ಕೊಟ್ಟವರು ಹಿಂದೂಗಳೇ. ಕಷ್ಟಕಾಲದಲ್ಲಿ ಲಾಭ ಮಾಡುವವನಿಗೆ ಜಾತಿಮತಗಳ ಭೇದವಿಲ್ಲ.

ಭಯವು ಎಲ್ಲಕ್ಕಿಂತ ಮೊದಲು ಮಾತಿನಲ್ಲಿ ಕಾಣಿಸಿಕೊಳ್ಳುತ್ತದೆ. ನಮ್ಮ ಊರಿನಲ್ಲಿ ಅರಳೆ ಹಿಂಜಿ ಹಾಸಿಗೆ ಹೊಲಿಯುತ್ತಿದ್ದ ಒಂದು ಪಿಂಜಾರರ ಮನೆಯಿದ್ದಿತು. ಆ ಮನೆಯ ಯಜಮಾನನನ್ನು ನಾವು ಮಕ್ಕಳೆಲ್ಲ ಕಾಕಾ ಎನ್ನುತ್ತಿದ್ದೆವು. ದೊಡ್ಡವರು ಹೆಸರು ಹಿಡಿದು ಕರೆಯುತ್ತಿದ್ದರು. ಅವನ ಮನೆಯ ಮಾತೂ ಕನ್ನಡವೇ. ಉರ್ದು ಅವನಿಗೆ ನಮಗೆ ಬರುವಷ್ಟೇ ಬರುತ್ತಿದ್ದಿತು. ಆ ಬೇಸಗೆಯಲ್ಲಿ ಜನ ಅವನನ್ನು ಹೆಸರಿನಿಂದ ಕರೆಯುವುದನ್ನು ಬಿಟ್ಟು “ಅವರು” ಎನ್ನತೊಡಗಿದರು. ಒಬ್ಬ ಮನುಷ್ಯನಿಗೆ ಬಹುವಚನ ಬಂದದ್ದು ಮರ್ಯಾದೆಯಿಂದಲ್ಲ. ಅವನೊಬ್ಬನಲ್ಲಿ ಅವನ ಮತದವರೆಲ್ಲರನ್ನೂ ಕಾಣತೊಡಗಿದ್ದರಿಂದ. ರಾತ್ರಿ ಅವನ ಮನೆಯಲ್ಲಿ ದೀಪ ಬಹಳ ಹೊತ್ತು ಉರಿಯುತ್ತದೆ, ಅದು ಗುಡ್ಡದಲ್ಲಿ ಅಡಗಿದವರಿಗೆ ಗುರುತು, ಎಂಬ ಮಾತು ಹುಟ್ಟಿತು. ದೀಪ ಉರಿಯುತ್ತಿದ್ದುದು ನಿಜ. ಮದುವೆಯ ಕಾಲ, ಹಾಸಿಗೆಗಳನ್ನು ಹೊಲಿದು ಮುಗಿಸಬೇಕಾಗಿದ್ದಿತು. ಅವುಗಳಲ್ಲಿ ಎರಡು ಆ ಮಾತನ್ನು ಹುಟ್ಟಿಸಿದವರ ಮನೆಯವೇ.

ಊರಿನ ಕೆಲವು ತರುಣರು ಒಂದು ಸಂಜೆ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು, ಅವನು ಮೂಲತಃ ಎಲ್ಲಿಯವನೆಂದು ವಿಚಾರಿಸಬೇಕೆಂದರು. ಅಜ್ಜಿ ಬಾಗಿಲ ಒಳಗಿನಿಂದಲೇ, “ಅವನ ಬಿಲ್ಲಿನ ಸಪ್ಪಳ ಕೇಳ್ತಾ ನೀವೆಲ್ಲಾ ತೊಟ್ಟಿಲದಾಗ ಮಲಗೀರಿ. ಈಗ ಅಂವ ಎಲ್ಲಿಯವ ಅಂತ ಕೇಳ್ತೀರೇನು?” ಎಂದಳು. ಅವರು ಎದ್ದು ಹೋದರು. ಆದರೆ ಅವಳ ಮಾತನ್ನು ಒಪ್ಪಿ ಎದ್ದರೋ, ಮುದುಕಿಯೊಡನೆ ವಾದವೇಕೆಂದು ಎದ್ದರೋ ನನಗೆ ತಿಳಿಯದು.

ಇನ್ನೊಂದು ಬಗೆಯ ಮಾತೂ ಆ ದಿನಗಳಲ್ಲಿ ಪ್ರಚಾರಕ್ಕೆ ಬಂದಿತು. ಅದನ್ನು ಆಡುತ್ತಿದ್ದವರು ಓದಿದವರು. ಹಂಪೆಯ ಹಾಳನ್ನು ಬೆರಳಿಟ್ಟು ತೋರಿಸಿ, 1565ರಲ್ಲಿ ನಡೆದದ್ದೇ ಈಗಲೂ ನಡೆಯುತ್ತಿದೆ ಎನ್ನುತ್ತಿದ್ದರು. ಆ ಹಾಳಿನ ನಡುವೆಯೇ, ಪ್ರೌಢದೇವರಾಯನ ಸೇನೆಯಲ್ಲಿ ಅಧಿಕಾರಿಯಾಗಿದ್ದ ಅಹಮದ್ ಖಾನನು 1439ರಲ್ಲಿ ಕಟ್ಟಿಸಿದ ಮಸೀದಿ ನಿಂತಿದೆ ಎಂಬುದನ್ನು ಅವರು ಹೇಳಲಿಲ್ಲ. ನಾಲ್ಕು ಶತಮಾನಗಳ ಹಿಂದಿನ ಯುದ್ಧವೊಂದನ್ನು ತಂದು ಒಬ್ಬ ಪಿಂಜಾರನ ಬಾಗಿಲಲ್ಲಿ ನಿಲ್ಲಿಸುವುದಕ್ಕೆ ವಿದ್ಯೆ ಬೇಕು. ಅಜ್ಜಿಗೆ ಆ ವಿದ್ಯೆ ಇರಲಿಲ್ಲ.

ಹೊಳೆಯ ಆಚೆಯೂ ರಜಾಕಾರರನ್ನು ಎದುರಿಸಿದವರಲ್ಲಿ ಮುಸಲ್ಮಾನರಿದ್ದರು. ಹೈದರಾಬಾದಿನ ‘ಇಮ್ರೋಜ್’ ಎಂಬ ಉರ್ದು ಪತ್ರಿಕೆಯ ಸಂಪಾದಕ ಶೋಯಬುಲ್ಲಾ ಖಾನರು, ಸಂಸ್ಥಾನ ಭಾರತಕ್ಕೆ ಸೇರಬೇಕೆಂದು ಬರೆದ ತಪ್ಪಿಗೆ 1948ರ ಆಗಸ್ಟ್ ತಿಂಗಳಲ್ಲಿ ಕೊಲೆಯಾದರು. ಈ ಸುದ್ದಿ ನಮ್ಮ ಊರಿಗೆ ಆಗ ಬರಲಿಲ್ಲ. ಬಂದಿದ್ದರೆ ಆ ಕಟ್ಟೆಯ ಮೇಲಿನ ಮಾತು ಬೇರೆಯಾಗುತ್ತಿದ್ದಿತೋ ಏನೋ. ಕಲಹದ ಕಾಲದಲ್ಲಿ ಯಾವ ಸುದ್ದಿ ಬರುತ್ತದೆ ಎಂಬುದರಷ್ಟೇ, ಯಾವುದು ಬರುವುದಿಲ್ಲ ಎಂಬುದೂ ಮುಖ್ಯ.

ಸೆಪ್ಟೆಂಬರ್ 13ರ ಸೋಮವಾರ ಭಾರತದ ಸೇನೆ ಹೈದರಾಬಾದಿನ ಗಡಿಯನ್ನು ನಾನಾ ದಿಕ್ಕುಗಳಿಂದ ದಾಟಿತು. ಹೊಸಪೇಟೆಯ ಕಡೆಯ ಕಾರ್ಯಾಚರಣೆಯಲ್ಲಿ ಮೈಸೂರಿನ ಕಾಲ್ದಳವೂ ಇದ್ದಿತು. ಐದೇ ದಿನಗಳಲ್ಲಿ ಎಲ್ಲ ಮುಗಿಯಿತು. 17ನೆಯ ತಾರೀಖು ಶುಕ್ರವಾರ ಸಂಜೆ ನಿಜಾಮರೇ ತಮ್ಮ ರೇಡಿಯೋದಲ್ಲಿ ಮಾತನಾಡಿ ಯುದ್ಧ ನಿಲ್ಲಿಸಿರುವುದಾಗಿ ಸಾರಿದರು. ಮರುದಿನ ಅವರ ಸೇನಾಪತಿ ಎಲ್ ಎದ್ರೂಸರು ಮೇಜರ್ ಜನರಲ್ ಚೌಧುರಿಯವರಿಗೆ ಶರಣಾದರು. ನಮ್ಮ ಊರಿನಲ್ಲಿ ರೇಡಿಯೋ ಇರಲಿಲ್ಲ. ಹೊಸಪೇಟೆಯಲ್ಲಿ ಕೇಳಿದವರು ಮರುದಿನ ಬಂದು ಹೇಳಿದರು. ಊರಿಗೆ ಊರೇ ಬೀದಿಗೆ ಬಂದಿತು. ನಮ್ಮ ಮನೆಯಲ್ಲಿದ್ದ ಆ ತಾಯಿ ಅಟ್ಟದಿಂದ ಬೀಜದ ಚೀಲವನ್ನು ಇಳಿಸಿಕೊಂಡಳು. ಹಿಂಗಾರಿಗೆ ಹೊತ್ತು ಮೀರಿರಲಿಲ್ಲ. ಕೆಲವೇ ದಿನಗಳಲ್ಲಿ ಅವರು ಹೊಳೆ ದಾಟಿ ತಮ್ಮ ಹೊಲಕ್ಕೆ ಹೋದರು. ಒಂದು ಸಂಸ್ಥಾನದ ಬಿಡುಗಡೆ ಎಂದರೇನೆಂಬುದನ್ನು ನಾನು ಪುಸ್ತಕದಿಂದಲ್ಲ, ಆ ಚೀಲದಿಂದ ಅರಿತೆ. ಈ ಸಂತೋಷದಲ್ಲಿ ಯಾವ ಕಲ್ಮಷವೂ ಇರಲಿಲ್ಲ. ಇಂದಿಗೂ ಅದನ್ನು ಕಡಮೆಮಾಡಿ ಹೇಳಲು ನಾನು ಒಪ್ಪಲಾರೆ.

ನಮ್ಮ ಕಡೆಯ ಹಿರಿಯರು ಈ ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೆ ಮುಗಿಸುತ್ತಾರೆ. ಆದರೆ ರೈಲು ಅಲ್ಲಿಗೆ ನಿಲ್ಲಲಿಲ್ಲ. ಸೆಪ್ಟೆಂಬರ್ ಕೊನೆಯಲ್ಲಿ, ಅಕ್ಟೋಬರಿನಲ್ಲಿ, ಹೊಳೆಯ ಆಚೆಯಿಂದ ಮತ್ತೆ ಗಂಟು ಹೊತ್ತ ಜನ ಬಂದರು. ಅದೇ ಸ್ಟೇಷನ್ನು, ಅದೇ ಬಗೆಯ ಗಂಟುಗಳು, ಅದೇ ಕನ್ನಡ. ಈ ಸಾರಿ ಬಂದವರು ಮುಸಲ್ಮಾನರು. ಹಿಂದಿನವರಷ್ಟು ಮಂದಿಯಲ್ಲ, ನಮ್ಮಲ್ಲಿ ಇಳಿದವರು ಬೆರಳಿನಲ್ಲಿ ಎಣಿಸುವಷ್ಟೇ. ಒಂದು ದಿನ ಇಳಿದವಳು ಎರಡು ಮಕ್ಕಳ ತಾಯಿ. ಗಂಡನೆಲ್ಲಿ ಎಂದು ಯಾರೋ ಕೇಳಿದರು. ಅವಳು ಉತ್ತರ ಕೊಡಲಿಲ್ಲ. ಬೇಸಗೆಯಲ್ಲಿ ಬಂದವರಿಗೆ ನೀರಿನ ಕೊಡ ಹಿಡಿದು ಓಡಿ ಬಂದಿದ್ದ ಜನ ಅಂದು ಬೇವಿನ ಮರದ ಕೆಳಗೆ ನಿಂತೇ ಇದ್ದರು. ಅವಳನ್ನು ಬೈದವರಿಲ್ಲ, ಹೊಡೆದವರಿಲ್ಲ, ಸುಮ್ಮನೆ ನೋಡುತ್ತಿದ್ದರು. ಕೊನೆಗೆ ಪಿಂಜಾರ ಕಾಕಾನೇ ಬಂದು ಅವಳನ್ನೂ ಮಕ್ಕಳನ್ನೂ ಮನೆಗೆ ಕರೆದೊಯ್ದನು.

ಆಚೆ ಏನು ನಡೆಯಿತೆಂಬುದು ನನಗೆ ತಿಳಿದದ್ದು ಬಹುಕಾಲದ ಮೇಲೆ. ಪ್ರಧಾನಿ ನೆಹರೂ ಅವರು ಪಂಡಿತ ಸುಂದರಲಾಲ್, ಖಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಎಂಬವರನ್ನು ಅಲ್ಲಿಗೆ ಕಳುಹಿಸಿದ್ದರು. ಅವರು 1948ರ ಕೊನೆಯಲ್ಲಿ ಸಂಸ್ಥಾನದ 16 ಜಿಲ್ಲೆಗಳ ಪೈಕಿ 9ರಲ್ಲಿ ಸಂಚರಿಸಿ ವರದಿ ಕೊಟ್ಟರು. ಸೇನೆಯ ಕಾರ್ಯಾಚರಣೆಯ ಸಮಯದಲ್ಲಿಯೂ ಅದರ ಬೆನ್ನಿಗೂ ಪ್ರಾಣ ಕಳೆದುಕೊಂಡವರ ಸಂಖ್ಯೆ 27,000ದಿಂದ 40,000 ಇರಬಹುದೆಂದು ಅವರ ಅಂದಾಜು. ಅವರಲ್ಲಿ ಬಹುಪಾಲು ಮುಸಲ್ಮಾನರು. ಹೆಚ್ಚಿನ ಹಾನಿ ಉಸ್ಮಾನಾಬಾದು, ಗುಲಬರ್ಗಾ, ಬೀದರು, ನಾಂದೇಡು ಎಂಬ ನಾಲ್ಕು ಜಿಲ್ಲೆಗಳಲ್ಲಿ. ಕಾವಲಿಗೆಂದು ಹೋದವರಲ್ಲಿಯೂ ಕೆಲವರು ಅದರಲ್ಲಿ ಕೈಗೂಡಿಸಿದರೆಂದು ಅವರು ಬರೆದರು. ರಜಾಕಾರರ ಕ್ರೌರ್ಯವನ್ನೂ ಅವರು ಮುಚ್ಚಿಡಲಿಲ್ಲ. ಈ ವರದಿಯನ್ನು ಸರ್ಕಾರ ದಶಕಗಳ ಕಾಲ ಪ್ರಕಟಿಸಲಿಲ್ಲ. ಅದರಲ್ಲಿರುವ ಒಂದು ಮಾತು ನನ್ನ ಮನಸ್ಸಿನಲ್ಲಿ ನಿಂತಿದೆ. ಒಂದೇ ಕಸುಬಿನವರಲ್ಲಿ ಅನ್ಯೋನ್ಯ ಭಾವ ಹೆಚ್ಚಾಗಿ ಕಂಡುಬಂದಿತಂತೆ. ಹಿಂದೂ ನೇಕಾರರು ಮುಸಲ್ಮಾನ ನೇಕಾರರನ್ನು ಕಾಪಾಡಲು ಹೋಗಿ ತಾವೇ ಪ್ರಾಣ ಕೊಟ್ಟ ಉದಾಹರಣೆಗಳು ಅವರಿಗೆ ಸಿಕ್ಕಿದುವಂತೆ.

ಇನ್ನು ನಮ್ಮ ಊರಿನ ಪರೀಕ್ಷೆ. ಆ ವರ್ಷ ದೀಪಾವಳಿಯ ಅಮಾವಾಸ್ಯೆ ನವೆಂಬರ್ 1ಕ್ಕೆ ಬಂದಿತು. ಹಿಂದೆಯೇ ಕಂಡ ಚಂದ್ರ ಮೊಹರಮ್ಮಿನ ಚಂದ್ರ. ನಮ್ಮ ಸೀಮೆಯ ಹಳ್ಳಿಗಳಲ್ಲಿ ಮೊಹರಂ ಎಂದರೆ ಪೀರಲ ದೇವರ ಹಬ್ಬ. ಅದು ಮುಸಲ್ಮಾನರಿಗೆ ಮಾತ್ರ ಸೇರಿದ ಹಬ್ಬವಲ್ಲ. ಮುಸಲ್ಮಾನರ ಮನೆ ಒಂದೇ ಇರುವ ಊರಿನಲ್ಲಿಯೂ ದೇವರು ಕೂಡಿಸುತ್ತಾರೆ. ಹರಕೆ ಹೊತ್ತ ಒಕ್ಕಲಿಗರ ಮಕ್ಕಳು ಫಕೀರರಾಗುತ್ತಾರೆ. ಚೋಂಗೆ, ಮಾದಲಿ ಮಾಡಿ ಸಕ್ಕರೆ ಓದಿಸುತ್ತಾರೆ. ಚಂದ್ರ ಕಂಡ ಮೇಲೆ ಅಲಾಯಿ ಕುಣಿಗೆ ಮೊದಲ ಗುದ್ದಲಿ ಹಾಕುವ ಹಕ್ಕು ನಮ್ಮ ಊರಿನಲ್ಲಿ ಒಂದು ಒಕ್ಕಲು ಮನೆತನದ್ದು.

ಈ ವರ್ಷ ಅಲಾಯಿ ಬೇಡವೆಂದು ಹಲವರು ಹೇಳಿದರು. ಪಿಂಜಾರನು ಆ ಹೆಂಗಸನ್ನು ಮನೆಯಲ್ಲಿ ಇಟ್ಟುಕೊಂಡದ್ದು ಅವರಿಗೆ ಒಂದು ಕಾರಣವಾಯಿತು. ಗುದ್ದಲಿಯ ಹಕ್ಕಿದ್ದ ಮನೆಯವನು ಏನು ಮಾಡುವನೆಂದು ಎಲ್ಲರೂ ಕಾದರು. ಅವನ ಮಗಳನ್ನು ಹೊಳೆಯ ಆಚೆಗೆ ಕೊಟ್ಟಿದ್ದರು. ರಜಾಕಾರರ ಕಾಲದಲ್ಲಿ ಅವಳ ಅತ್ತೆಮನೆ ಲೂಟಿಯಾಗಿದ್ದಿತು. ಬೇಡವೆನ್ನಲು ಊರಿನಲ್ಲಿ ಯಾರಿಗಾದರೂ ಹಕ್ಕಿದ್ದರೆ ಅವನಿಗಿದ್ದಿತು. ಚಂದ್ರ ಕಂಡ ಸಂಜೆ ಅವನು ಸ್ನಾನ ಮಾಡಿ, ಗುದ್ದಲಿ ಹೊತ್ತು ಬಂದು ಕುಣಿಯ ಬಳಿ ನಿಂತನು. ಯಾರೋ ಏನೋ ಕೇಳಿದರು. “ನಾ ಗುದ್ದಲಿ ಹಾಕೋದು ದೇವರಿಗೆ. ಖಾಸಿಂ ರಜ್ವಿಗಲ್ಲ” ಎಂದು ಹೇಳಿ ಅಗೆಯತೊಡಗಿದನು.

ಇದರಿಂದ ಊರೆಲ್ಲ ಒಂದಾಯಿತೆಂದು ನಾನು ಹೇಳಿದರೆ ಅದು ಸುಳ್ಳು. ಆ ವರ್ಷ ಹುಲಿವೇಷವಿರಲಿಲ್ಲ, ಹೆಜ್ಜೆಮೇಳವಿರಲಿಲ್ಲ. ಅರ್ಧ ಊರು ಬಾಗಿಲು ಹಾಕಿಕೊಂಡು ಒಳಗೇ ಇದ್ದಿತು. ಕತ್ತಲ ರಾತ್ರಿ ಕುಣಿಯ ಸುತ್ತ ನಿಂತವರನ್ನು ನಾನು ಎಣಿಸಬಹುದಾಗಿದ್ದಿತು. ಆದರೆ ಬೆಂಕಿ ಉರಿಯಿತು. ಹತ್ತನೆಯ ದಿನ ದೇವರುಗಳು ಹಳ್ಳಕ್ಕೆ ಹೋಗಿ ಬಂದುವು. ಮರುವರ್ಷ ಇನ್ನಷ್ಟು ಬಾಗಿಲುಗಳು ತೆರೆದುವು. ಅದರ ಮರುವರ್ಷ ಹುಲಿವೇಷ ಬಂದಿತು. ಪಿಂಜಾರ ಕಾಕಾನನ್ನು ಜನ ಮತ್ತೆ ಹೆಸರು ಹಿಡಿದು ಕರೆಯುವುದಕ್ಕೆ ಎಷ್ಟು ದಿನ ಹಿಡಿಯಿತೆಂಬುದನ್ನು ಯಾರೂ ಲೆಕ್ಕವಿಡಲಿಲ್ಲ. ಆ ತಾಯಿ ಮಾತ್ರ ಹಬ್ಬ ಮುಗಿದ ಮೇಲೆ ಬಳ್ಳಾರಿಯ ಕಡೆಗೆ ಗಾಡಿ ಹತ್ತಿದಳು. ಅವಳ ಸುದ್ದಿ ಮತ್ತೆ ಬರಲಿಲ್ಲ.

ಅಂದಿನಿಂದ ಬಹಳ ನೀರು ಹರಿದಿದೆ. 1953ರಲ್ಲಿ ಬಳ್ಳಾರಿಯೂ 1956ರಲ್ಲಿ ಕೊಪ್ಪಳ, ರಾಯಚೂರುಗಳೂ ಮೈಸೂರು ರಾಜ್ಯಕ್ಕೆ ಸೇರಿ ಹೊಳೆಯ ಎರಡು ದಡಗಳೂ ಒಂದಾದುವು. ಹೊಸಪೇಟೆ 2021ರಿಂದ ವಿಜಯನಗರ ಜಿಲ್ಲೆಯ ಮುಖ್ಯ ಪಟ್ಟಣವಾಗಿದೆ. ಸೆಪ್ಟೆಂಬರ್ 17ನ್ನು ಆ ಸೀಮೆಯಲ್ಲಿ ಪ್ರತಿ ವರ್ಷ ಉತ್ಸವವಾಗಿ ಆಚರಿಸುತ್ತಾರೆ, ಆಚರಿಸಬೇಕಾದದ್ದೇ. ಆದರೆ ನೆನಪು ಎಂಬುದು ಒಂದು ತಾರೀಖಿನಲ್ಲಿ ನಿಂತುಬಿಟ್ಟರೆ ಅದು ಅರ್ಧ ಕಟ್ಟಿದ ಅಣೆಕಟ್ಟಿನಂತೆ. ಅದರಲ್ಲಿ ನೀರು ನಿಲ್ಲದು. 17ರ ಮೊದಲು ಬಂದವರ ಕಷ್ಟವನ್ನು ಮಾತ್ರ ನೆನೆಯುವವರಿದ್ದಾರೆ. ಆಮೇಲೆ ಬಂದವರದನ್ನು ಮಾತ್ರ ನೆನೆಯುವವರೂ ಇದ್ದಾರೆ. ಒಂದು ಕ್ರೌರ್ಯವನ್ನು ತೋರಿಸಿ ಇನ್ನೊಂದನ್ನು ಅಳಿಸುವುದು ಇಬ್ಬರಿಗೂ ಸುಲಭ. ಆ ಸ್ಟೇಷನ್ನಿನಲ್ಲಿ ಎರಡು ಬಾರಿಯೂ ನಿಂತಿದ್ದವರಿಗೆ ಅದು ಸಾಧ್ಯವಿಲ್ಲ.

ಆ ಕಾಲವನ್ನು ಕಂಡವರು ಈಗ ಕೆಲವರೇ ಉಳಿದಿದ್ದೇವೆ. ನಿಮ್ಮ ಮನೆಗಳಲ್ಲಿ ಅಂಥ ಹಿರಿಯರಿದ್ದರೆ, ಅವರನ್ನು ಕೇಳಿರಿ. ಯಾರು ಹೊಡೆದರು, ಯಾರು ಸುಟ್ಟರು ಎಂಬುದನ್ನು ಅವರು ತಾವಾಗಿಯೇ ಹೇಳುತ್ತಾರೆ. ಅದಾದ ಮೇಲೆ ಇನ್ನೂ ಎರಡು ಪ್ರಶ್ನೆ ಕೇಳಿರಿ: ನೀರು ಕೊಟ್ಟವರು ಯಾರು, ಮತ್ತು ಯಾರಿಗೆ ನೀರು ಕೊಡಲಿಲ್ಲ. ಎರಡನೆಯದಕ್ಕೆ ಉತ್ತರ ತಡವಾಗಿ ಬರಬಹುದು. ಕಾದು ಕೇಳಿ, ಬರೆದಿಡಿರಿ.